ಗ್ಯಾಸ್ ಖರ್ಚಾಗುವುದಿಲ್ಲ, ಸೋರುತ್ತದೆ

(ಕಲಬುರಗಿಯ ಬಡಾವಣೆಯೊಂದರ ಸಮುದಾಯ ಭವನದಲ್ಲಿ, ಮಾರ್ಚ್ ತಿಂಗಳ ಒಂದು ಭಾನುವಾರ ಸಂಜೆ, ನಿವಾಸಿಗಳು ಹಾಗೂ ಐಟಿಐ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಭಾನುವಾರದ ಸಂಜೆ ಇಷ್ಟು ಜನ ಬಂದಿದ್ದೀರಿ. ಬಿಸಿಲಿನ ದಿಗಿಲು ಈಗಲೇ ಹತ್ತಿದೆ ಅಂತ ಕಾಣುತ್ತದೆ. ನಮ್ಮ ಭಾಗದಲ್ಲಿ ಏಪ್ರಿಲ್, ಮೇ ಬಂತೆಂದರೆ ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಜನ ಮನೆಗೆ ಬಂದು, ಉಂಡು, ಎಸಿಯ ರಿಮೋಟ್ ಕೈಗೆ ತೆಗೆದುಕೊಳ್ಳುವ ಹೊತ್ತಿಗೆ ಸರಿಯಾಗಿ ನನ್ನ ಫೋನು ಹೊಡೆದುಕೊಳ್ಳಲು ಶುರುವಾಗುತ್ತದೆ. ಇಪ್ಪತ್ತೈದು ವರ್ಷದಿಂದ ಎಸಿ ರಿಪೇರಿ ಮಾಡುತ್ತಿದ್ದೇನೆ. ಊರು ಬೆಳೆಯಿತು, ಎಸಿಗಳು ಬದಲಾದವು. ಫೋನಿನ ಮಾತು ಮಾತ್ರ ಬದಲಾಗಿಲ್ಲ: "ಗ್ಯಾಸ್ ಮುಗದದ ರೀ, ಬಂದು ತುಂಬಿ ಹೋಗ್ರಿ."

ಇವತ್ತು ಆ ಒಂದು ಮಾತಿನ ಬಗ್ಗೆಯೇ ಹೇಳಲು ಬಂದಿದ್ದೇನೆ. ಎಸಿಯ ಗ್ಯಾಸ್ ಮುಗಿಯುವ ವಸ್ತುವಲ್ಲ. ಅದು ಅಡುಗೆ ಸಿಲಿಂಡರಿನ ಗ್ಯಾಸ್‌ನಂತೆ ಉರಿದು ಹೋಗುವುದಿಲ್ಲ, ಬೈಕಿನ ಪೆಟ್ರೋಲ್‌ನಂತೆ ಖರ್ಚಾಗುವುದಿಲ್ಲ. ಕಾರ್ಖಾನೆಯಲ್ಲಿ ಎಷ್ಟು ತುಂಬಿದ್ದಾರೋ ಅಷ್ಟೇ ಗ್ಯಾಸಿನಲ್ಲಿ ಆ ಯಂತ್ರ ಸಾಯುವತನಕ ನಡೆಯಬೇಕು. ಕಡಿಮೆಯಾಗಿದೆ ಎಂದರೆ ಎಲ್ಲೋ ತೂತಾಗಿದೆ, ಅಷ್ಟೇ. ಆ ತೂತು ಹುಡುಕದೆ ಗ್ಯಾಸ್ ತುಂಬಿದವನು ರಿಪೇರಿ ಮಾಡಿದ ಹಾಗಲ್ಲ. ತಳ ತೂತಾದ ಕೊಡಕ್ಕೆ ನೀರು ತುಂಬಿ ದುಡ್ಡು ಇಸಿದುಕೊಂಡು ಹೋದ ಹಾಗೆ.

ಹೇಗೆ ಎಂದು ಕೇಳುವಿರಿ. ನಿಮ್ಮ ಅಡುಗೆಮನೆಯ ಮಡಕೆಯನ್ನೇ ನೋಡಿ. ಮಣ್ಣಿನ ಮೈಯಿಂದ ನೀರು ಸ್ವಲ್ಪ ಸ್ವಲ್ಪವೇ ಜಿನುಗಿ ಆವಿಯಾಗುತ್ತದೆ. ಆವಿಯಾಗಬೇಕಾದರೆ ಅದಕ್ಕೆ ಶಾಖ ಬೇಕು, ಆ ಶಾಖವನ್ನು ಒಳಗಿನ ನೀರಿನಿಂದಲೇ ಎಳೆದುಕೊಳ್ಳುತ್ತದೆ. ಹಾಗಾಗಿ ಉಳಿದ ನೀರು ತಂಪು. ಎಸಿಯ ಒಳಗಿನ ಕಾಯಿಲ್‌ನಲ್ಲಿ ನಡೆಯುವುದೂ ಇದೇ ಕೆಲಸ. ತಾಮ್ರದ ಕೊಳವೆಯೊಳಗೆ ದ್ರವರೂಪದ ಗ್ಯಾಸ್ ಬಂದು ಕುದಿಯುತ್ತದೆ, ಕುದಿಯುವುದಕ್ಕೆ ಬೇಕಾದ ಶಾಖವನ್ನು ನಿಮ್ಮ ಕೋಣೆಯ ಗಾಳಿಯಿಂದ ಕಿತ್ತುಕೊಳ್ಳುತ್ತದೆ. ವ್ಯತ್ಯಾಸ ಒಂದೇ. ಮಡಕೆಯ ಆವಿ ಗಾಳಿಯಲ್ಲಿ ಹೋಗಿಬಿಡುತ್ತದೆ, ಆದ್ದರಿಂದ ನೀರು ಇಳಿಯುತ್ತದೆ. ಎಸಿಯಲ್ಲಿ ಆ ಆವಿಯನ್ನು ಕಂಪ್ರೆಸರ್ ಎಳೆದುಕೊಂಡು, ಒತ್ತಿ, ಹೊರಗಿನ ಯೂನಿಟ್ಟಿಗೆ ಕಳಿಸುತ್ತದೆ. ಅಲ್ಲಿ ಶಾಖ ಬಿಟ್ಟು ಅದು ಮತ್ತೆ ದ್ರವವಾಗಿ ಒಳಗೆ ಬರುತ್ತದೆ. ಬಾಗಿಲೇ ಇಲ್ಲದ ಮನೆಯಲ್ಲಿ ಸುತ್ತಿದ ಹಾಗೆ. ಒಂದು ಹನಿಯೂ ಹೊರಗೆ ಹೋಗುವಂತಿಲ್ಲ.

ಮೇಜಿನ ಮೇಲೆ ಇಟ್ಟಿರುವ ಈ ಗೇಣುದ್ದದ ತಾಮ್ರದ ಪೈಪ್ ನೋಡಿ. ಮುಂದಿನ ಸಾಲಿನವರು ಕೈಗೆ ತೆಗೆದುಕೊಳ್ಳಿ, ಹಿಂದೆ ದಾಟಿಸಿ. ಇದರ ತುದಿ ತುತ್ತೂರಿಯ ಬಾಯಿಯ ಹಾಗೆ ಅರಳಿದೆ. ಇದಕ್ಕೆ ಫ್ಲೇರ್ ಅನ್ನುತ್ತೇವೆ. ಒಳಗಿನ ಯೂನಿಟ್ಟಿಗೂ ಹೊರಗಿನ ಯೂನಿಟ್ಟಿಗೂ ಪೈಪ್ ಜೋಡಿಸುವುದು ಹೀಗೇ, ಅರಳಿದ ಬಾಯಿಯನ್ನು ಹಿತ್ತಾಳೆಯ ನಟ್ಟಿನಿಂದ ಬಿಗಿದು. ಬೆಳಕಿಗೆ ಹಿಡಿದು ಅಂಚನ್ನು ಸೂಕ್ಷ್ಮವಾಗಿ ನೋಡಿದರೆ ಕೂದಲೆಳೆಯಷ್ಟು ಒಂದು ಸೀಳು ಕಾಣುತ್ತದೆ. ಆ ಸೀಳು ಒಂದು ಮನೆಯಲ್ಲಿ ಮೂರು ಬೇಸಿಗೆ ತಿಂದಿದೆ.

ನಿವೃತ್ತ ಮಾಸ್ತರೊಬ್ಬರ ಮನೆ. ಪ್ರತಿ ಮಾರ್ಚ್‌ನಲ್ಲಿ ಯಾರೋ ಒಬ್ಬರು ಬಂದು ಗ್ಯಾಸ್ ತುಂಬುವುದು, ಮೇ ಮುಗಿಯುವ ಮೊದಲೇ ತಂಪು ಇಳಿಯುವುದು. ಮೂರನೇ ವರ್ಷ ನನ್ನನ್ನು ಕರೆದರು. ನಾನು ಹೋದಾಗ ಸಿಲಿಂಡರ್ ಒಯ್ದಿರಲಿಲ್ಲ. ಮಾಸ್ತರಿಗೆ ಅದೇ ಅನುಮಾನ. "ಬರೇ ಕೈಯಾಗ ಬಂದೀರಲ್ರೀ?" ಎಂದರು. ನಾನು ಒಂದು ಟಾರ್ಚು, ಒಂದು ಬಿಳಿ ಬಟ್ಟೆ ಒಯ್ದಿದ್ದೆ. ಒಳಗಿನ ಯೂನಿಟ್ಟನ್ನು ಗೋಡೆಯಿಂದ ಸ್ವಲ್ಪ ಎತ್ತಿ, ಹಿಂದೆ ಪೈಪ್ ಸೇರುವ ಜಾಗದ ಕಪ್ಪು ಸುತ್ತನ್ನು ಬಿಚ್ಚಿ, ಬಟ್ಟೆಯಿಂದ ಒರೆಸಿದೆ. ಬಟ್ಟೆಗೆ ಎಣ್ಣೆ ಹತ್ತಿತು. ಎಸಿಯೊಳಗೆ ಕಂಪ್ರೆಸರ್‌ಗೆಂದು ಹಾಕಿದ ಎಣ್ಣೆ ಗ್ಯಾಸ್ ಜೊತೆಗೇ ಸುತ್ತುತ್ತಿರುತ್ತದೆ. ಗ್ಯಾಸ್ ಸೋರಿದ ಕಡೆ ಗ್ಯಾಸ್ ಹಾರಿಹೋಗುತ್ತದೆ, ಎಣ್ಣೆ ಹಾರುವುದಿಲ್ಲ, ಅಲ್ಲೇ ಕೂರುತ್ತದೆ. ಅದರ ಮೇಲೆ ಧೂಳು ಅಂಟಿ ಕಪ್ಪಗಾಗುತ್ತದೆ. ವಿದ್ಯಾರ್ಥಿಗಳು ಇದೊಂದನ್ನು ಬರೆದಿಟ್ಟುಕೊಳ್ಳಿ: ಒತ್ತಡ ಅಳೆಯುವ ಗೇಜ್ ಹಾಕುವ ಮೊದಲು ಎಣ್ಣೆ ಹುಡುಕಬೇಕು.

ಆದರೂ ಎಣ್ಣೆ ಕಂಡಿತು ಎಂದು ಅಲ್ಲಿಗೇ ನಿಲ್ಲಿಸಲಿಲ್ಲ. ಉಳಿದಿದ್ದ ಗ್ಯಾಸನ್ನು ಯಂತ್ರದಿಂದ ಖಾಲಿ ಸಿಲಿಂಡರಿಗೆ ಎಳೆದಿಟ್ಟುಕೊಂಡೆ. ನೈಟ್ರೋಜನ್ ಸಿಲಿಂಡರ್ ತರಿಸಿ, ರೆಗ್ಯುಲೇಟರ್ ಹಾಕಿ 300 ಪಿಎಸ್‌ಐ ತನಕ ತುಂಬಿದೆ, ಪಿಎಸ್‌ಐ ಎಂದರೆ ಒತ್ತಡದ ಅಳತೆ. ಸೋಪಿನ ನೊರೆಯನ್ನು ಬ್ರಷ್‌ನಿಂದ ಪ್ರತಿ ಜಾಯಿಂಟಿಗೆ ಹಚ್ಚಿದೆ. ಗೋಡೆಯ ಹಿಂದಿನ ಆ ನಟ್ಟಿನ ಬಾಯಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದಿತು, ಒಡೆಯಿತು, ಮತ್ತೊಂದು ಎದ್ದಿತು. ಮಾಸ್ತರನ್ನು ಕರೆದು ಸ್ಟೂಲಿನ ಮೇಲೆ ಹತ್ತಿಸಿ ತೋರಿಸಿದೆ. ಎಸಿ ಹಾಕಿದವನು ನಟ್ಟನ್ನು ಅತಿಯಾಗಿ ಬಿಗಿದಿದ್ದ. ಫ್ಲೇರ್ ತೆಳುವಾಗಿ ಸೀಳಿತ್ತು.

ತುದಿ ಕತ್ತರಿಸಿ, ಹೊಸ ಫ್ಲೇರ್ ಮಾಡಿ, ಜೋಡಿಸಿ, ಮತ್ತೆ ನೈಟ್ರೋಜನ್ ತುಂಬಿ ಕಾದೆ. ಇಲ್ಲಿ ನಮ್ಮ ಬಿಸಿಲಿನ ಒಂದು ತಂಟೆ ಇದೆ, ಹೇಳಿಬಿಡುತ್ತೇನೆ. ಬೆಳಗ್ಗೆ 30 ಡಿಗ್ರಿ ಇದ್ದಾಗ 300 ಪಿಎಸ್‌ಐ ತುಂಬಿದರೆ, ಪೈಪೂ ಹೊರಗಿನ ಯೂನಿಟ್ಟೂ ಮಧ್ಯಾಹ್ನ 45 ಡಿಗ್ರಿಗೆ ಕಾದಾಗ ಅದೇ ಗೇಜ್ 315 ತೋರಿಸುತ್ತದೆ. ಸಂಜೆ ಮತ್ತೆ ಇಳಿಯುತ್ತದೆ. ಇದು ಗೊತ್ತಿಲ್ಲದವರು ಮಧ್ಯಾಹ್ನ ತುಂಬಿ ಸಂಜೆ ನೋಡಿ "ಇನ್ನೂ ಲೀಕ್ ಅದ" ಎಂದು ಗೋಡೆ ಒಡೆಸಿದ್ದನ್ನು ಕಂಡಿದ್ದೇನೆ. ಗೇಜ್ ನೋಡಿದ ಹೊತ್ತಿನ ಬಿಸಿಯನ್ನೂ ಪಕ್ಕದಲ್ಲಿ ಬರೆದುಕೊಳ್ಳಬೇಕು.

ಆಮೇಲೆ ವ್ಯಾಕ್ಯೂಮ್. ಪೈಪ್ ಬಿಚ್ಚಿದಾಗ ಒಳಗೆ ಗಾಳಿ ಹೋಗಿರುತ್ತದೆ, ಗಾಳಿಯ ಜೊತೆ ತೇವ. ಪಂಪ್ ಹಚ್ಚಿ ಒಳಗಿನ ಒತ್ತಡವನ್ನು 500 ಮೈಕ್ರಾನ್‌ಗೆ, ಅಂದರೆ ಹೆಚ್ಚುಕಡಿಮೆ ಸೊನ್ನೆಗೆ ಎಳೆದರೆ ಆ ಒತ್ತಡದಲ್ಲಿ ನೀರು ಕೋಣೆಯ ಬಿಸಿಗೇ ಕುದಿದು ಆವಿಯಾಗಿ ಹೊರಬರುತ್ತದೆ. ಪಂಪ್ ತರುವ ಬೇಜಾರಿಗೆ ಕೆಲವರು ಸ್ವಲ್ಪ ಗ್ಯಾಸ್ ಬಿಟ್ಟು ಗಾಳಿಯನ್ನು ದೂಡಿದ ಹಾಗೆ ಮಾಡುತ್ತಾರೆ. ತೇವ ಅದರಿಂದ ಹೋಗುವುದಿಲ್ಲ. ಒಳಗೇ ಉಳಿದು ಎಣ್ಣೆಯನ್ನು ಕೆಡಿಸಿ, ನಿಧಾನವಾಗಿ ಕಂಪ್ರೆಸರನ್ನು ಕೊಲ್ಲುತ್ತದೆ. ಕಡೆಗೆ ತೂಕದ ಮಷೀನಿನ ಮೇಲೆ ಸಿಲಿಂಡರ್ ಇಟ್ಟು, ಹೊರಗಿನ ಯೂನಿಟ್ಟಿನ ತಗಡಿನ ಪಟ್ಟಿಯ ಮೇಲೆ ಬರೆದಷ್ಟೇ ಗ್ರಾಂ ಗ್ಯಾಸ್ ಬಿಟ್ಟೆ.

ಬೆಳಗ್ಗೆ 7ಕ್ಕೆ ಹಿಡಿದ ಕೆಲಸ ಮಧ್ಯಾಹ್ನ ದಾಟಿತ್ತು. ಬಿಲ್ಲು ನೋಡಿ ಮಾಸ್ತರು, "ಒಂದು ನಟ್ಟಿಗೆ ಇಷ್ಟಾ?" ಎಂದರು. ಒಳಗಿನಿಂದ ಅವರ ಮನೆಯವರು ಮಜ್ಜಿಗೆ ತಂದು ಕೊಡುತ್ತಾ, "ಮೂರು ವರ್ಷ ಗ್ಯಾಸಿಗೆ ಕೊಟ್ಟಿದ್ದು ಮೊದಲ ಲೆಕ್ಕ ಹಾಕ್ರಿ" ಎಂದರು. ಮಾಸ್ತರು ಲೆಕ್ಕದ ಮಾಸ್ತರೇ. ಮರುಮಾತಾಡದೆ ಕೊಟ್ಟರು. ಆ ಎಸಿಗೆ ನಾನು ಮತ್ತೆ ಗ್ಯಾಸ್ ಹಾಕಿಲ್ಲ. ವರ್ಷಕ್ಕೊಮ್ಮೆ ಸರ್ವೀಸಿಗೆ ಮಾತ್ರ ಹೋಗುತ್ತೇನೆ.

ನನ್ನ ದೂರು ಇಷ್ಟೇ. ಸಿಲಿಂಡರ್ ಕಣ್ಣಿಗೆ ಕಾಣುತ್ತದೆ, ಹುಡುಕಾಟ ಕಾಣುವುದಿಲ್ಲ. ಆದ್ದರಿಂದ ಜನ ಸಿಲಿಂಡರಿಗೆ ದುಡ್ಡು ಕೊಡುತ್ತಾರೆ, ಹುಡುಕಿದ್ದಕ್ಕೆ ಚೌಕಾಸಿ ಮಾಡುತ್ತಾರೆ. ಹೀಗಾದಾಗ ಒಳ್ಳೆಯ ಹುಡುಗನೂ ಹುಡುಕುವುದನ್ನು ಬಿಟ್ಟು ಸಿಲಿಂಡರ್ ಹೊತ್ತುಕೊಂಡೇ ಓಡಾಡಲು ಕಲಿಯುತ್ತಾನೆ. ಅವನದ್ದಷ್ಟೇ ತಪ್ಪು ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ತಂಪು ಕಡಿಮೆಯಾದರೆಲ್ಲ ಗ್ಯಾಸೇ ಕಾರಣ ಎನ್ನುವುದೂ ಸುಳ್ಳು. ಇದನ್ನು ನಾನು ಕಲಿತದ್ದು ಒಂದು ಕಂಪ್ರೆಸರ್ ಸುಟ್ಟು. ಕೆಲಸಕ್ಕೆ ಸೇರಿದ ಮೊದಲ ವರ್ಷಗಳು. ದಾಲ್ ಮಿಲ್ಲಿನ ಹಿಂದಿನ ಒಂದು ಮನೆ. ತೊಗರಿಯ ಊರು ನಮ್ಮದು, ಮಿಲ್ಲಿನ ಧೂಳು ಎಂದರೆ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಎಸಿ ಓಡುತ್ತಿದೆ, ತಂಪಿಲ್ಲ. ನಾನು ಗೇಜ್ ಕೂಡ ಸರಿಯಾಗಿ ನೋಡದೆ ಗ್ಯಾಸ್ ಬಿಟ್ಟೆ. ಹೊರಗಿನ ಯೂನಿಟ್ಟಿನ ಹಿಂಭಾಗಕ್ಕೆ ಹೋಗಿ ನೋಡಲೇ ಇಲ್ಲ. ನೋಡಿದ್ದರೆ ಕಾಣುತ್ತಿತ್ತು, ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ತೊಗರಿ ಹೊಟ್ಟು ಕಂಬಳಿ ಹೊದಿಸಿದ ಹಾಗೆ ಕೂತಿತ್ತು. ಗಾಳಿಯೇ ನುಗ್ಗದಿದ್ದರೆ ಶಾಖ ಹೊರಗೆ ಹೋಗುವುದೆಲ್ಲಿಂದ? ಒಳಗಿನ ಒತ್ತಡ ಮೊದಲೇ ಏರಿತ್ತು, ನಾನು ಗ್ಯಾಸ್ ಬಿಟ್ಟು ಇನ್ನೂ ಏರಿಸಿದೆ. ಹತ್ತೇ ದಿನಕ್ಕೆ ಕಂಪ್ರೆಸರ್ ಹೋಯಿತು. ಆ ಮನೆಯ ಯಜಮಾನರು ಬೈಯಲಿಲ್ಲ, ಸುಮ್ಮನೆ ಒಂದು ಮಾತು ಕೇಳಿದರು: "ನೀನು ನೋಡಿದ್ದೆಲ್ಲೇನಪ್ಪಾ?" ಆ ಕಂಪ್ರೆಸರಿನ ದುಡ್ಡನ್ನು ನಾನು ಕಂತಿನಲ್ಲಿ ತೀರಿಸಿದೆ. ಆವತ್ತಿನಿಂದ ಯಾವ ಮನೆಗೆ ಹೋದರೂ ಮೊದಲು ತಾರಸಿಗೆ ಹೋಗುತ್ತೇನೆ, ಆಮೇಲೆ ಕೋಣೆಗೆ.

ಶಹಾಬಾದ್, ವಾಡಿ, ಸೇಡಂ ಕಡೆಯಿಂದ ಬಂದವರೂ ಇಲ್ಲಿದ್ದೀರಿ. ನಿಮ್ಮಲ್ಲಿ ಸಿಮೆಂಟ್ ಧೂಳು, ಕಲ್ಲಿನ ಧೂಳು. ದಯವಿಟ್ಟು ಅದರ ಮೇಲೆ ನೇರವಾಗಿ ನೀರು ಹೊಡೆಸಬೇಡಿ. ಸಿಮೆಂಟಿಗೆ ನೀರು ಬಿದ್ದರೆ ಏನಾಗುತ್ತದೆ ಎಂದು ಗೊತ್ತಲ್ಲ, ರೆಕ್ಕೆಗಳ ನಡುವೆ ಗಟ್ಟಿಯಾಗಿ ಕೂತುಬಿಡುತ್ತದೆ. ಮೊದಲು ಒಣ ಬ್ರಷ್‌ನಿಂದ ರೆಕ್ಕೆಯ ಉದ್ದಕ್ಕೆ ಎಳೆಯಬೇಕು, ಅಡ್ಡಕ್ಕಲ್ಲ. ಆಮೇಲೆ ಬ್ಲೋವರ್‌ನಿಂದ ಊದಬೇಕು. ಪೂರ್ತಿ ಉದುರಿದ ಮೇಲೆ ನೀರು, ಅದೂ ಒಳಗಡೆಯಿಂದ ಹೊರಗಡೆಗೆ, ಧೂಳು ಬಂದ ದಾರಿಯಲ್ಲೇ ವಾಪಸ್ ಹೋಗುವ ಹಾಗೆ. ಗಾಡಿ ತೊಳೆಯುವ ಜೋರಿನಲ್ಲಿ ಹತ್ತಿರದಿಂದ ಹೊಡೆದರೆ ರೆಕ್ಕೆಗಳು ಮಡಚಿ ಗೋಡೆಯಾಗುತ್ತವೆ. ಮಡಚಿದ ರೆಕ್ಕೆಯೂ ಕಟ್ಟಿದ ಧೂಳೂ ಎರಡೂ ಒಂದೇ, ಗಾಳಿಗೆ ದಾರಿಯಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ಮಂಜುಗಡ್ಡೆಯದ್ದು. "ಒಳಗ ಬರಫ್ ಕಟ್ಟ್ಯದ, ಅಂದ್ರ ಗ್ಯಾಸ್ ಜಾಸ್ತಿ ಆಗ್ಯದ" ಎನ್ನುತ್ತಾರೆ. ಉಲ್ಟಾ. ಗ್ಯಾಸ್ ಕಡಿಮೆಯಾದಾಗ ಕಾಯಿಲ್‌ನ ಒತ್ತಡ ಇಳಿದು, ಅದು ಸೊನ್ನೆ ಡಿಗ್ರಿಗಿಂತ ಕೆಳಗೆ ಹೋಗಿ, ಗಾಳಿಯ ತೇವ ಅದರ ಮೇಲೆ ಹೆಪ್ಪುಗಟ್ಟುತ್ತದೆ. ಆದರೆ ಫಿಲ್ಟರ್ ಕಟ್ಟಿಕೊಂಡಾಗಲೂ ಮಂಜು ಕಟ್ಟುತ್ತದೆ. ಬಿಸಿ ಗಾಳಿ ಸಾಕಷ್ಟು ಬರದೆ ಕಾಯಿಲ್ ಅತಿಯಾಗಿ ತಣ್ಣಗಾಗುತ್ತದೆ. ಎರಡರಲ್ಲೂ ಗೇಜ್ ಕಡಿಮೆಯೇ ತೋರಿಸುತ್ತದೆ. ಇಲ್ಲೇ ಹೊಸಬರು ಮೋಸ ಹೋಗುವುದು. ಫಿಲ್ಟರ್ ಕಟ್ಟಿದ್ದರೆ ಮಂಜು ಸಾಮಾನ್ಯವಾಗಿ ಇಡೀ ಕಾಯಿಲ್ ಮೇಲೆ ಹರಡಿ, ದಪ್ಪ ಪೈಪಿನ ತನಕ ಬರುತ್ತದೆ. ಗ್ಯಾಸ್ ಕಡಿಮೆಯಿದ್ದರೆ ಕಾಯಿಲ್ಲಿನ ಒಂದು ಮೂಲೆಯಲ್ಲಿ, ಗ್ಯಾಸ್ ಒಳಬರುವ ಸಣ್ಣ ಪೈಪಿನ ಕಡೆಯಲ್ಲಿ ಮಾತ್ರ ಮಂಜು, ಉಳಿದ ಕಾಯಿಲ್ ಒಣಗಿ ಬೆಚ್ಚಗಿರುತ್ತದೆ. ಗ್ಯಾಸ್ ಬೇಕೋ, ಒಂದು ಬಕೆಟ್ ನೀರಿನಲ್ಲಿ ಫಿಲ್ಟರ್ ಅದ್ದಿ ತೊಳೆಯುವುದು ಸಾಕೋ ಎಂಬುದು ಕೈಯಿಂದ ಮುಟ್ಟಿ ನೋಡಿದರೇ ಬಹುಪಾಲು ತಿಳಿಯುತ್ತದೆ.

ಈಗ ನೋಡಿ, ಈ ಬೆಳ್ಳಿ ಬಣ್ಣದ ಡಬ್ಬಿ. ಕೆಪಾಸಿಟರ್. ಇದರ ನೆತ್ತಿ ಚಪ್ಪಟೆಯಾಗಿರಬೇಕು, ಇಲ್ಲಿ ಪೂರಿಯ ಹಾಗೆ ಉಬ್ಬಿದೆ. ನಮ್ಮ ಬಿಸಿಲಿಗೆ ಹಳೆಯ, ಇನ್ವರ್ಟರ್ ಅಲ್ಲದ ಎಸಿಗಳಲ್ಲಿ ಅತಿ ಹೆಚ್ಚು ಸಾಯುವ ಭಾಗ ಇದೇ. ಕಂಪ್ರೆಸರ್ ಚಾಲೂ ಆಗಲು ಇದರ ತಳ್ಳು ಬೇಕು. ಇದರ ಮೈಮೇಲೆ 45 ಮೈಕ್ರೋಫ್ಯಾರಡ್ ಎಂದು ಬರೆದಿದೆ, ಮೀಟರ್ ಹಿಡಿದರೆ 31 ತೋರಿಸುತ್ತದೆ. ಅಷ್ಟು ಬಲ ಸಾಲದು. ಕಂಪ್ರೆಸರ್ ಏಳಲಾರದೆ "ಹೂಂ" ಎಂದು ನರಳಿ, ಕಾದು, ತಾನೇ ನಿಂತುಬಿಡುತ್ತದೆ. ಮಧ್ಯಾಹ್ನ ವೋಲ್ಟೇಜ್ ಬಿದ್ದಾಗ ಈ ನರಳಾಟ ಇನ್ನೂ ಜಾಸ್ತಿ. ಈ ಡಬ್ಬಿ ಇದ್ದ ಮನೆಯವರಿಗೆ ಒಬ್ಬ "ಕಂಪ್ರೆಸರ್ ಹೋಗ್ಯದ, ಹೊಸ ಎಸಿನೇ ತಗೊಳ್ರಿ" ಎಂದು ಹೇಳಿ ಹೋಗಿದ್ದ. ಆ ತಾಯಿ ಮಗಳ ಬಾಣಂತನಕ್ಕೆಂದು ಕೂಡಿಟ್ಟ ದುಡ್ಡಿನಲ್ಲಿ ಹೊಸದು ಕೊಳ್ಳಲು ಹೊರಟಿದ್ದರು. ಕೆಲವೇ ನೂರು ರೂಪಾಯಿಯ ಡಬ್ಬಿ ಬದಲಿಸಿದೆ, ಎಸಿ ಎದ್ದಿತು. ಆವತ್ತು ಅವರ ಮುಖ ನೋಡಿ ನನಗೆ ಸಿಟ್ಟೂ ಬಂತು, ಅಳುವೂ ಬಂತು. ಕಂಪ್ರೆಸರ್ ಸತ್ತಿದೆ ಎಂದು ಯಾರಾದರೂ ಹೇಳಿದರೆ, "ಕೆಪಾಸಿಟರ್ ಅಳತೆ ಎಷ್ಟು ಬಂತು? ವೈಂಡಿಂಗ್ ಓಮ್ ಎಷ್ಟು ಬಂತು?" ಎಂದು ಕೇಳಿ. ವೈಂಡಿಂಗ್ ಎಂದರೆ ಕಂಪ್ರೆಸರ್ ಮೋಟಾರಿನೊಳಗಿನ ತಂತಿಯ ಸುತ್ತು. ಅಳೆದವನು ಸಂಖ್ಯೆ ಹೇಳುತ್ತಾನೆ. ವಿದ್ಯಾರ್ಥಿಗಳೇ, ಕೆಪಾಸಿಟರ್ ಮುಟ್ಟುವ ಮೊದಲು ಅದರಲ್ಲಿ ಉಳಿದಿರುವ ಕರೆಂಟನ್ನು ಖಾಲಿ ಮಾಡಲು ಮರೆಯಬೇಡಿ, ಮೇನ್ ಸ್ವಿಚ್ ತೆಗೆದ ಮೇಲೂ ಅದು ಹೊಡೆಯುತ್ತದೆ.

ಒಳಗೆ ನೀರು ಸುರಿಯುವ ದೂರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೆಚ್ಚಿನ ಸಲ ಡ್ರೇನ್ ಪೈಪಿನಲ್ಲಿ ಲೋಳೆ ಕಟ್ಟಿರುತ್ತದೆ ಅಥವಾ ಪೈಪಿಗೆ ಇಳಿಜಾರು ಇರುವುದಿಲ್ಲ. ಹಲ್ಲಿ ಹೊಕ್ಕು ಪಿಸಿಬಿ, ಅಂದರೆ ಎಸಿಯನ್ನು ನಡೆಸುವ ಎಲೆಕ್ಟ್ರಾನಿಕ್ ಹಲಗೆ ಸುಟ್ಟರೆ, ಪೈಪ್ ಹೋಗುವ ಗೋಡೆಯ ತೂತು ಮುಚ್ಚಿರಲಿಲ್ಲ ಎಂದು ಅರ್ಥ.

ಬಿಸಿಲಿನ ವಿಷಯಕ್ಕೆ ಬರುತ್ತೇನೆ. ಎಸಿಗೆ ಟನ್ ಲೆಕ್ಕ ಎಲ್ಲಿಂದ ಬಂತು ಗೊತ್ತೇ? ಮಂಜುಗಡ್ಡೆಯಿಂದ. ಅಮೆರಿಕದ ಲೆಕ್ಕದ ಒಂದು ಟನ್ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅಷ್ಟು ಶಕ್ತಿಗೆ ಒಂದು ಟನ್ ಎನ್ನುತ್ತಾರೆ, ಶಾಖದ ಅಳತೆಯಲ್ಲಿ ಗಂಟೆಗೆ 12,000 ಬಿಟಿಯು. 1833ರಲ್ಲಿ ಅಮೆರಿಕದ ಬಾಸ್ಟನ್‌ನಿಂದ ಹಡಗಿನಲ್ಲಿ ಕಲ್ಕತ್ತೆಗೆ ಮಂಜುಗಡ್ಡೆ ಬಂದಿತ್ತು. ಆಮೇಲೆ ಮದ್ರಾಸಿಗೂ ಹೀಗೇ ಬಂದ ಮಂಜುಗಡ್ಡೆಯನ್ನು ಕೂಡಿಡಲು ಅಲ್ಲಿ ಕಟ್ಟಿದ ಐಸ್ ಹೌಸ್ ಇಂದಿಗೂ ಸಮುದ್ರದ ದಂಡೆಯ ಮೇಲೆ ನಿಂತಿದೆ, ಸ್ವಾಮಿ ವಿವೇಕಾನಂದರು ತಂಗಿದ್ದ ಮನೆ ಎಂದು ಜನ ನೋಡಲು ಹೋಗುತ್ತಾರೆ. ಆದರೆ ನಾನು ಹೇಳಬೇಕಿರುವುದು ಬೇರೆ. ನಿಮ್ಮ ಎಸಿಯ ಮೇಲೆ ಬರೆದಿರುವ ಟನ್ನನ್ನು ಹೊರಗೆ 35 ಡಿಗ್ರಿ ಇದ್ದಾಗ ಅಳೆದಿರುತ್ತಾರೆ. ನಮ್ಮಲ್ಲಿ ಮೇ ತಿಂಗಳ ಮಧ್ಯಾಹ್ನ 42, 43. ಬಿಸಿಲಿಗೆ ಕಾದ ತಾರಸಿಯ ಮೇಲೆ, ಯೂನಿಟ್ಟಿನ ಸುತ್ತಲಿನ ಗಾಳಿ ಇನ್ನೂ ಬಿಸಿ. ಆ ಹೊತ್ತಿನಲ್ಲಿ ಒಂದೂವರೆ ಟನ್ನಿನ ಎಸಿ ಒಂದೂವರೆ ಟನ್ ಕೊಡಲಾರದು. ಕೋಣೆ 24ಕ್ಕೆ ಇಳಿಯದೆ 27ರಲ್ಲಿ ನಿಂತರೆ ಅದು ಕೆಟ್ಟಿದೆ ಎಂದಲ್ಲ. ಕೋಣೆಯ ಯೂನಿಟ್ಟಿನ ಒಳಗೆ ಹೋಗುವ ಗಾಳಿಗೂ ಅದರಿಂದ ಹೊರಬರುವ ಗಾಳಿಗೂ ಸುಮಾರು 10ರಿಂದ 12 ಡಿಗ್ರಿ ಅಂತರವಿದ್ದರೆ ಯಂತ್ರ ತನ್ನ ಕೆಲಸ ಮಾಡುತ್ತಿದೆ. ಇದನ್ನು ಒಂದು ಸಾದಾ ಥರ್ಮಾಮೀಟರಿನಿಂದ ನೀವೇ ನೋಡಬಹುದು. ಇಂಥ ಮಧ್ಯಾಹ್ನ ಫೋನ್ ಮಾಡಿ ಗ್ಯಾಸ್ ತುಂಬಿಸಿಕೊಂಡವರು ಸರಿಯಿದ್ದ ಎಸಿಯನ್ನು ಕೈಯಾರೆ ಕೆಡಿಸಿಕೊಂಡಿದ್ದಾರೆ.

ಹಳೆಯ ಮನೆಗಳನ್ನು ನೆನೆಸಿಕೊಳ್ಳಿ. ದಪ್ಪ ಕಲ್ಲಿನ ಗೋಡೆ, ಮೇಲೆ ಪರ್ಶಿ ಕಲ್ಲಿನ ಹಾಸು, ಅದರ ಮೇಲೆ ಮಣ್ಣು. ಬಿಸಿಲು ಒಳಗಿಳಿಯುವಷ್ಟರಲ್ಲಿ ಸಂಜೆಯಾಗುತ್ತಿತ್ತು. ಈಗಿನ ಸ್ಲ್ಯಾಬು ಮಧ್ಯಾಹ್ನವೆಲ್ಲ ಬಿಸಿಲು ಕುಡಿದು ರಾತ್ರಿಯೆಲ್ಲ ನಿಮ್ಮ ತಲೆಯ ಮೇಲೆ ಕಾರುತ್ತದೆ. ಎರಡು ಟನ್ನಿನ ಎಸಿ ಕೊಳ್ಳಲು ಹೊರಟವರಿಗೆ ನಾನು ಮೊದಲು ತಾರಸಿಗೆ ಎರಡು ಕೋಟು ಸುಣ್ಣ ಬಳಿಸಲು ಹೇಳುತ್ತೇನೆ. ಅದರಿಂದ ನನಗೆ ಕೆಲಸ ತಪ್ಪಿದ್ದುಂಟು, ಪರವಾಗಿಲ್ಲ. ಹೊರಗಿನ ಯೂನಿಟ್ಟಿಗೆ ನೆರಳು ಮಾಡಿ, ಆದರೆ ಪೆಟ್ಟಿಗೆ ಮಾಡಬೇಡಿ. ಕಳ್ಳರ ಭಯಕ್ಕೆ ಮುಂದೆ ತಗಡು ಬಡಿದವರಿದ್ದಾರೆ. ಬಿಟ್ಟ ಬಿಸಿಗಾಳಿಯನ್ನೇ ಅದು ಮತ್ತೆ ಎಳೆದುಕೊಂಡು ಕುದಿಯುತ್ತದೆ. ತೆರೆದ ಗಟಾರದ ಮಗ್ಗುಲಲ್ಲೂ ಇಡಬೇಡಿ. ಗಟಾರದ ಕೊಳೆತ ವಾಸನೆಯಲ್ಲಿ ಗಂಧಕದ ಅಂಶವಿರುತ್ತದೆ. ಅದು ತಾಮ್ರವನ್ನು ಕಪ್ಪಾಗಿಸಿ, ತಿಂದು, ಸೂಜಿಮೊನೆಯಷ್ಟು ತೂತು ಮಾಡುತ್ತದೆ. ಅಂಥ ತೂತು ಹುಡುಕಲು ನನಗೆ ಎರಡು ದಿನ ಹಿಡಿದದ್ದಿದೆ.

ಕೂಲರ್ ಒಳ್ಳೆಯದೋ ಎಸಿ ಒಳ್ಳೆಯದೋ ಎಂದು ಆಗಲೇ ಒಬ್ಬರು ಚೀಟಿ ಕಳಿಸಿದ್ದರು. ಮಾರ್ಚ್‌ನಿಂದ ಮೇ ತನಕ ನಮ್ಮ ಗಾಳಿ ಒಣಗಿರುತ್ತದೆ, ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಅದು ಮಡಕೆಯ ಅಣ್ಣನೇ. ಜೂನ್‌ನಲ್ಲಿ ಮಳೆಗಾಳಿ ಬಂತೆಂದರೆ ನೀರು ಆವಿಯಾಗುವುದಿಲ್ಲ, ಕೂಲರ್ ಬರೀ ಅಂಟು ಕೊಡುತ್ತದೆ. ನನ್ನ ಮನೆಯಲ್ಲಿ ಎರಡೂ ಇವೆ.

ಇನ್ನು ಗ್ಯಾಸಿನ ಹೆಸರುಗಳು. ಹಳೆಯ ಎಸಿಗಳಲ್ಲಿ ಆರ್-22 ಇತ್ತು. ಅದು ಓಜೋನ್ ಪದರಕ್ಕೆ ಕೇಡು ಮಾಡುತ್ತದೆಂದು 1987ರ ಮಾಂಟ್ರಿಯಲ್ ಒಪ್ಪಂದದ ಅಡಿಯಲ್ಲಿ ಜಗತ್ತು ಅದನ್ನು ಹಂತಹಂತವಾಗಿ ಬಿಡುತ್ತಿದೆ. ಆಮೇಲೆ ಆರ್-410ಎ ಬಂತು, ಈಗಿನ ಹೆಚ್ಚಿನ ಎಸಿಗಳಲ್ಲಿ ಆರ್-32. ಓಜೋನ್‌ಗೆ ಇವು ಕೇಡಲ್ಲ, ಆದರೆ ಭೂಮಿಯನ್ನು ಬಿಸಿ ಮಾಡುತ್ತವೆ. ಒಂದು ಕಿಲೋ ಆರ್-410ಎ ಗಾಳಿಗೆ ಹೋದರೆ ನೂರು ವರ್ಷದ ಲೆಕ್ಕದಲ್ಲಿ 2,088 ಕಿಲೋ ಇಂಗಾಲದ ಡೈಆಕ್ಸೈಡ್ ಬಿಟ್ಟಷ್ಟು ಕೇಡು, ಆರ್-32 ಆದರೆ 675 ಕಿಲೋದಷ್ಟು. ಇವುಗಳನ್ನೂ ಕಡಿಮೆ ಮಾಡಬೇಕೆಂದು 2016ರಲ್ಲಿ ರುವಾಂಡಾ ದೇಶದ ಕಿಗಾಲಿಯಲ್ಲಿ ಅದೇ ಒಪ್ಪಂದಕ್ಕೆ ಮಾಡಿಕೊಂಡ ತಿದ್ದುಪಡಿಯನ್ನು ಭಾರತ 2021ರಲ್ಲಿ ಅನುಮೋದಿಸಿತು. ದೊಡ್ಡವರ ಸಭೆಯ ಮಾತು ಎಂದು ನೀವು ಅಂದುಕೊಳ್ಳಬಹುದು. ನನಗೆ ಹಾಗನ್ನಿಸುವುದಿಲ್ಲ. ಮಾಸ್ತರ ಮನೆಯಲ್ಲಿ ಮೂರು ವರ್ಷ ತುಂಬಿದ ಗ್ಯಾಸ್ ಮೂರೂ ವರ್ಷ ನಮ್ಮ ಓಣಿಯ ಗಾಳಿಗೇ ಹೋಯಿತಲ್ಲ.

ಆರ್-32 ಸ್ವಲ್ಪ ಉರಿಯುವ ಗುಣದ ಗ್ಯಾಸ್. ಕೆಲವು ಎಸಿಗಳಲ್ಲಿರುವ ಆರ್-290 ಎಂದರೆ ಪ್ರೊಪೇನ್, ಅದು ಅಡುಗೆ ಗ್ಯಾಸಿನ ಜಾತಿಯದೇ, ಚೆನ್ನಾಗಿ ಉರಿಯುತ್ತದೆ. ಹಾಗಾಗಿ ಒಳಗೆ ಗ್ಯಾಸ್ ಇರುವಾಗ ವೆಲ್ಡಿಂಗ್ ಟಾರ್ಚ್ ಹಚ್ಚಬಾರದು, ಬಾಗಿಲು ಕಿಟಕಿ ತೆರೆದಿರಬೇಕು, ಬೀಡಿ ಸಿಗರೇಟು ದೂರ. ಸೋರಿಕೆ ನೋಡಲು ಆಕ್ಸಿಜನ್ ತುಂಬುವ ಹುಚ್ಚು ಕೆಲಸವನ್ನು ಯಾರಾದರೂ ನಿಮ್ಮ ಮನೆಯಲ್ಲಿ ಮಾಡಲು ಹೊರಟರೆ ಕೈ ಹಿಡಿದು ನಿಲ್ಲಿಸಿ. ಒತ್ತಡದ ಆಕ್ಸಿಜನ್ನಿಗೆ ಎಣ್ಣೆ ಸೇರಿದರೆ ಬಾಂಬು. ಎಸಿ ಬಿಚ್ಚಿ ಬೇರೆ ಮನೆಗೆ ಒಯ್ಯುವಾಗ ಗ್ಯಾಸನ್ನು ಹೊರಗಿನ ಯೂನಿಟ್ಟಿನೊಳಗೆ ಎಳೆದು ಬೀಗ ಹಾಕುತ್ತೇವೆ. ಆಗ ಎಲ್ಲಿಂದಾದರೂ ಗಾಳಿ ಒಳನುಗ್ಗಿದರೆ, ಗಾಳಿ ಮತ್ತು ಎಣ್ಣೆ ಒಟ್ಟಿಗೆ ಒತ್ತಿ ಕಾದು ಕಂಪ್ರೆಸರ್ ಸಿಡಿಯುತ್ತದೆ, ಡೀಸೆಲ್ ಇಂಜಿನ್ನಿನೊಳಗೆ ಬೆಂಕಿ ಹತ್ತುವ ರೀತಿಯಲ್ಲೇ. ಆದ್ದರಿಂದ ಸೋರುವ ಎಸಿಯನ್ನು ಹಾಗೆ ಎಳೆಯಲೇಬಾರದು, ಎಳೆದು ಮುಗಿದ ಕೂಡಲೇ ಕಂಪ್ರೆಸರ್ ನಿಲ್ಲಿಸಬೇಕು.

ಒಂದು ಮಾತು ಮನೆಯ ಯಜಮಾನರಿಗೆ. ನನ್ನ ಜೊತೆ ಕೆಲಸ ಕಲಿತವನೊಬ್ಬ ಎರಡನೇ ಮಹಡಿಯ ಸಜ್ಜಾದ ಮೇಲಿಂದ ಬಿದ್ದ. ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆ, ಕಾದ ಸಜ್ಜಾ, ಸೊಂಟಕ್ಕೆ ಹಗ್ಗವಿರಲಿಲ್ಲ. "ಲಗೂನ ಮುಗಸಪಾ, ಮಲಗೂ ಹೊತ್ತಾತು" ಎಂದು ಮನೆಯವರು ಅವಸರ ಮಾಡುತ್ತಿದ್ದರು. ಬದುಕಿದ್ದಾನೆ, ಕೋಲು ಹಿಡಿದು ನಡೆಯುತ್ತಾನೆ. ಎಸಿ ಹಾಕಿಸುವಾಗ ಹೊರಗಿನ ಯೂನಿಟ್ಟನ್ನು ಮನುಷ್ಯ ನಿಂತು ಕೆಲಸ ಮಾಡುವ ಜಾಗದಲ್ಲಿ ಇಡಿಸಿ. ನಾಲ್ಕು ಮೀಟರ್ ಪೈಪ್ ಜಾಸ್ತಿ ಬಿದ್ದರೆ ಬೀಳಲಿ. ಎತ್ತರದ ಕೆಲಸಕ್ಕೆ ಬೆಳಗ್ಗೆ ಕರೆಯಿರಿ, ಹಗ್ಗ ಕಟ್ಟಿಕೊಳ್ಳುವ ತನಕ ಕಾಯಿರಿ, ಏಣಿ ಹಿಡಿಯಲು ಒಬ್ಬರು ಬನ್ನಿ. ಸರ್ವೀಸ್ ಮಾಡಿಸುವುದಿದ್ದರೆ ಫೆಬ್ರುವರಿಯಲ್ಲೇ ಮಾಡಿಸಿ. ಆಗ ನಮಗೂ ಪುರುಸೊತ್ತು, ಕೂತು ಹುಡುಕುತ್ತೇವೆ. ಏಪ್ರಿಲ್‌ನಲ್ಲಿ ದಿನಕ್ಕೆ ಹನ್ನೆರಡು ಮನೆ ಓಡುವವನಿಗೆ ಹುಡುಕುವ ವ್ಯವಧಾನ ಎಲ್ಲಿಂದ ಬರಬೇಕು?

ಮಾತು ಸಾಕು. ಯಾರಾದರೂ ಒಬ್ಬರು ವಿದ್ಯಾರ್ಥಿ ಮೇಲೆ ಬನ್ನಿ, ಫ್ಲೇರ್ ಮಾಡಿ ತೋರಿಸೋಣ.

(ಎರಡನೇ ಸಾಲಿನಿಂದ ಒಬ್ಬ ಹುಡುಗಿ ಎದ್ದು ಬಂದಳು. ಕಟರ್‌ನಿಂದ ಪೈಪ್ ಕತ್ತರಿಸಿ, ನೇರವಾಗಿ ಟೂಲಿಗೆ ಸಿಕ್ಕಿಸಿ ತಿರುಗಿಸಿದಳು. ಬಾಯಿ ಅರಳಿತು, ಅಂಚು ಒಂದು ಕಡೆ ಹರಿದಿತ್ತು. ಕತ್ತರಿಸಿದಾಗ ಒಳಗೆ ಏಳುವ ಮುಳ್ಳನ್ನು ಅವಳು ಕೆರೆದಿರಲಿಲ್ಲ. ಎರಡನೇ ಸಲ ಪೈಪಿನ ಬಾಯಿಯನ್ನು ಕೆಳಮುಖ ಹಿಡಿದು, ಚೂರು ಒಳಗೆ ಬೀಳದಂತೆ ನಿಧಾನವಾಗಿ ಕೆರೆದಳು. ಅಂಚು ಚೆನ್ನಾಗಿ ಬಂತು, ಆದರೆ ನಟ್ಟು ಮೇಜಿನ ಮೇಲೆಯೇ ಉಳಿದಿತ್ತು, ಮೊದಲೇ ಪೈಪಿಗೆ ಪೋಣಿಸಬೇಕಿತ್ತು. ಮೂರನೇ ಸಲ ನಟ್ಟು ಪೋಣಿಸಿ, ಕೆರೆದು, ಕೋನಿಗೆ ಒಂದು ಹನಿ ಎಣ್ಣೆ ಹಚ್ಚಿ ಅರಳಿಸಿದಳು. ಎರಡು ಸ್ಪ್ಯಾನರ್ ಹಿಡಿದು ಬಿಗಿದು, ನೈಟ್ರೋಜನ್ ಬಿಟ್ಟು, ನೊರೆ ಹಚ್ಚಿದೆವು. ಸಭೆಯವರೆಲ್ಲ ಮೇಜಿನ ಸುತ್ತ ನೆರೆದರು. ಐದು ನಿಮಿಷ ನೋಡಿದೆವು. ಗುಳ್ಳೆ ಏಳಲಿಲ್ಲ.)